ಇರೂದಾ, ಬಿಡೂದಾ: ಪ್ರೀತಿ ಹೆಸರಲ್ಲಿ ಹಿಂಸೆ ತಿಂತಾ ಇರೋರಿಗೆ

ನಮ್ಮನೆ ಶಿರಸಿ ಪೇಟೆಯಿಂದ ಸುಮಾರು ಒಳಗೆ, ತೋಟದ ತಲೆ ಮೇಲೆ ಒಂದೇ ಮನೆ. ನಾನು ಡಿಗ್ರಿ ಓದ್ತಾ ಇದ್ದಾಗ ಅಲ್ಲಿ ಬಿಎಸ್ಸೆನ್ನೆಲ್ ಬಿಟ್ರೆ ಬೇರೆ ಎಂತದೂ ಸಿಗ್ತಿರ್ಲಿಲ್ಲ, ಅದೂ ಕರೆಂಟ್ ಹೋದ್ರೆ ಟವರ್ ಸತ್ತೇ ಹೋಗ್ತಿತ್ತು. ರಜೆಗೆ ಮನೆಗೆ ಬಂದಾಗೆಲ್ಲ ರಾತ್ರಿ ಊಟ ಆದ ಮೇಲೆ ಟಾರ್ಚ್ ಹಿಡ್ಕೊಂಡು ಹಿಂದಿನ ಸೊಪ್ಪಿನ ಬೆಟ್ಟ ಹತ್ತೂದು, ಅಲ್ಲಿ ಒಂದು ಮರದ ಬುಡದಲ್ಲಿ ಮಾತ್ರ ಎರಡು ಕಡ್ಡಿ ಸಿಗ್ನಲ್ ಬರ್ತಿತ್ತು, ಅಲ್ಲಿಂದ ಕಾರವಾರದಲ್ಲಿದ್ದ ನನ್ನ ಹುಡುಗನಿಗೆ ವಿಡಿಯೋ ಕಾಲ್ ಮಾಡಿ "ನೋಡು, ಊರಲ್ಲೇ ಇದ್ದೇನೆ" ಅಂತ ತೋರ್ಸೂದು. ಮಳೆಗಾಲದಲ್ಲಿ ಇಳಿದು ಬರೋವಾಗ ಎರಡೂ ಕಾಲಿಗೆ ಉಂಬಳ. ಆಯಿ ಕೇಳಿದ್ರೆ ಅಸೈನ್‌ಮೆಂಟ್ ಕಳಿಸೂದಿತ್ತು ಅಂತಿದ್ದೆ. ಒಂದು ದಿನ ಜೋರು ಮಳೆ, ಹತ್ತಲಿಲ್ಲ. ಅದಕ್ಕೆ ಕಾಲೇಜ್ ಶುರುವಾದ ಮೇಲೆ ಅವನು ಕೊಟ್ಟಿದ್ದು ಮೊದಲನೇ ಏಟು.

ಆ ಏಟಿಗಿಂತ ಮುಂಚೆ ಎಂಟು ತಿಂಗಳು ನಾನು ಬೆಟ್ಟ ಹತ್ತಿದ್ದೆ ಅಲ್ವಾ, ಅದನ್ನ ಕಾಳಜಿ ಅಂತ ತಿಳ್ಕೊಂಡಿದ್ದೆ. ಈಗ ಯಾರಾದ್ರೂ ಹುಡುಗಿ ನನ್ನ ಹತ್ರ "ಅಕ್ಕಾ, ಇವನನ್ನ ಬಿಡಬೇಕಾ ಇರಬೇಕಾ" ಅಂತ ಕೇಳಿದ್ರೆ ನಾನು ಅವನು ಒಳ್ಳೆಯವನಾ ಕೆಟ್ಟವನಾ ಅಂತ ಕೇಳೂದೇ ಇಲ್ಲ, ನಿಂಗೆ ಅವನ ಮೇಲೆ ಪ್ರೀತಿ ಇದೆಯಾ ಅಂತಲೂ ಕೇಳೂದಿಲ್ಲ, ಪ್ರೀತಿ ಇದ್ದೇ ಇರ್ತದೆ, ಇಲ್ದೇ ಇದ್ರೆ ಈ ಪ್ರಶ್ನೆಯೇ ಬರ್ತಿರ್ಲಿಲ್ಲ. ನಾನು ಕೇಳೂದು ಒಂದೇ, ನೀನು ಸಣ್ಣ ವಿಷಯಕ್ಕೆ "ಬೇಡ" ಅಂದ್ರೆ ಮುಂದಿನ ಎರಡು ದಿನ ಎಂತ ಆಗ್ತದೆ?

ಹಿಂಸೆ ಇದೆಯಾ ಇಲ್ವಾ ಅಂತ ನೋಡೋಕೆ

ದೊಡ್ಡ ಜಗಳ ತಗೊಂಡು ಅಳೆಯೋಕೆ ಹೋಗಬೇಡಿ, ದೊಡ್ಡ ಜಗಳದಲ್ಲಿ ಇಬ್ಬರೂ ಕೂಗಾಡಿರ್ತೀರಿ, ಆಮೇಲೆ ಅವನು "ನೀನೂ ಬೈದೆ ಅಲ್ಲ" ಅಂದ್ರೆ ನಿಮಗೂ ಹೌದು ಅನ್ನಿಸ್ತದೆ. ಸಣ್ಣದು ನೋಡಿ. ಇವತ್ತು ಬೀಚಿಗೆ ಬರೂದಿಲ್ಲ, ತಲೆನೋವು. ಇನ್‌ಸ್ಟಾ ಪಾಸ್‌ವರ್ಡ್ ಕೊಡೂದಿಲ್ಲ. ದೊಡ್ಡಮ್ಮನ ಮಗನ ಜೊತೆ ಬೈಕಲ್ಲಿ ಬಂದೆ. ಈ ಫೋಟೋ ಕಳಿಸೂದಿಲ್ಲ. ಇಷ್ಟಕ್ಕೆ ಬೇಜಾರು ಮಾಡ್ಕೊಂಡು ಅರ್ಧ ದಿನ ಮುಖ ಊದಿಸಿ ಆಮೇಲೆ ಸರಿಯಾದ್ರೆ ಅದು ಮನುಷ್ಯ ಸ್ವಭಾವ, ನಾವೂ ಊದಿಸ್ತೇವೆ. ಆದ್ರೆ ಇಷ್ಟಕ್ಕೆ ನಲವತ್ತು ಮಿಸ್ ಕಾಲ್, ಹಾಸ್ಟೆಲ್ ಗೇಟಿಗೆ ಬಂದು ನಿಲ್ಲೂದು, "ನಿನ್ನ ಅಪ್ಪನಿಗೆ ಹೇಳ್ತೆ" ಅನ್ನೂದು, ಗೋಡೆಗೆ ಕೈ ಗುದ್ದೂದು, ಬೈಕ್ ಹಿಂದೆ ಕೂರಿಸಿಕೊಂಡು ಬೇಕಂತಲೇ ಘಟ್ಟದಲ್ಲಿ ಎಂಬತ್ತರಲ್ಲಿ ಹೋಗೂದು, ಇದೆಲ್ಲ ಆದ್ರೆ ಅದು ಕೋಪ ಅಲ್ಲ. ಕೋಪಿಷ್ಠ ಆದವನು ಎಲ್ಲರ ಮೇಲೂ ಕೋಪ ಮಾಡ್ಬೇಕಲ್ಲ. ಲೆಕ್ಚರರ್ ಹತ್ರ, ಪೊಲೀಸರ ಹತ್ರ, ತನ್ನ ಓನರ್ ಹತ್ರ ತಣ್ಣಗೆ ಮಾತಾಡ್ತಾನೆ, ನಿಮ್ಮ ಹತ್ರ ಮಾತ್ರ "ಕಂಟ್ರೋಲ್ ತಪ್ತದೆ". ನನ್ನವನು ನನಗೆ ಹೊಡೆಯೋವಾಗಲೂ ಮುಖ ಬಿಟ್ಟು ತೋಳಿಗೆ ಹೊಡೀತಿದ್ದ, ಮುಖದ ಮೇಲೆ ಗುರುತು ಬಿದ್ರೆ ಕಾಣ್ತದೆ ಅಂತ ಆ ಕೋಪದಲ್ಲೂ ಅವನಿಗೆ ಗೊತ್ತಿತ್ತು. ಇದು ತಲೆಗೆ ಹೋಗೋಕೆ ನಂಗೆ ಒಂದು ವರ್ಷ ಬೇಕಾಯ್ತು.

ಒಂದು ಎಚ್ಚರಿಕೆ, ಈಗಾಗಲೇ ಕೈ ಮಾಡಿದ್ದಾನೆ ಅಂದ್ರೆ ಟೆಸ್ಟ್ ಮಾಡೋಕೆ ಅಂತ "ಬೇಡ" ಅನ್ನೋಕೆ ಹೋಗಬೇಡಿ. ನಿಮಗೆ ಉತ್ತರ ಸಿಕ್ಕಾಗಿದೆ.

ಇನ್ನೊಂದು ಕೆಲಸ, ಬರೆದಿಡಿ. ಫೋನಲ್ಲಿ ಅಲ್ಲ, ಅವನು ಫೋನ್ ನೋಡ್ತಾನೆ ಅಂತ ನಿಮಗೂ ಗೊತ್ತು. ಯಾವುದಾದ್ರೂ ಹಳೇ ನೋಟ್ಸ್ ಪುಸ್ತಕದ ಕೊನೇ ಹಾಳೆ ಸಾಕು. ತಾರೀಖು, ಎಂತ ಆಯ್ತು, ಆಮೇಲೆ ಅವನು ಎಂತ ಹೇಳಿದ, ಮೂರೇ ಸಾಲು. ಎರಡು ಮೂರು ತಿಂಗಳು ಬರೆದ್ರೆ ಒಂದು ಸುತ್ತು ಕಣ್ಣಿಗೆ ಕಾಣ್ತದೆ: ಮೊದಲು ಬಿಗಿ, ಅಂದ್ರೆ ನೀವು ಎಂತ ಮಾತಾಡಿದ್ರೂ ತಪ್ಪು, ಆಮೇಲೆ ಸ್ಫೋಟ, ಆಮೇಲೆ ಅಳು, ಸಾರಿ, ಗಿಫ್ಟು, ಗೋಕರ್ಣ ಟ್ರಿಪ್ಪು. ಲೆನೋರ್ ವಾಕರ್ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞೆ 1979ರಲ್ಲೇ ಈ ಸುತ್ತಿನ ಬಗ್ಗೆ ಬರೆದಿದ್ದಾರೆ. ಎಲ್ಲರಿಗೂ ಹಂಗೇ ಆಗ್ತದೆ ಅಂತಿಲ್ಲ, ಕೆಲವರಿಗೆ ಸಾರಿ ಅನ್ನೋ ಭಾಗವೇ ಇರೂದಿಲ್ಲ. ನನ್ನ ಪುಸ್ತಕದಲ್ಲಿ ಮೊದಲು ಸಾರಿಗೂ ಮುಂದಿನ ಏಟಿಗೂ ನಡುವೆ ಆರು ವಾರ ಇತ್ತು, ಆಮೇಲೆ ಮೂರು, ಆಮೇಲೆ ಹತ್ತು ದಿನ. ನೆನಪಲ್ಲಿ ಮಾತ್ರ ಗೋಕರ್ಣವೇ ದೊಡ್ಡದಾಗಿ ಉಳಿದಿತ್ತು.

"ಬದಲಾಗ್ತಾನಾ" ಅಂತ ಕೇಳ್ತೀರಿ. ಬದಲಾಗೋರು ಇದ್ದಾರೆ, ಇಲ್ಲ ಅನ್ನೂದಿಲ್ಲ. ಆದ್ರೆ ಬದಲಾಗೋನು "ನೀನು ಹಂಗೆ ಮಾಡಿದ್ದಕ್ಕೆ ನಾ ಹಿಂಗೆ ಮಾಡಿದೆ" ಅನ್ನೂದಿಲ್ಲ, ತಾನಾಗಿಯೇ ಡಾಕ್ಟರ್ ಹತ್ರವೋ ಕೌನ್ಸೆಲರ್ ಹತ್ರವೋ ಹೋಗ್ತಾನೆ, ನೀವು ದೂರ ಇರ್ತೆ ಅಂದ್ರೆ ದೂರ ಇರೋಕೆ ಬಿಡ್ತಾನೆ. ಈ ಕೊನೇದೊಂದೇ ನೋಡಿ ಸಾಕು. ಆರು ತಿಂಗಳು ಕಾಂಟ್ಯಾಕ್ಟ್ ಬೇಡ ಅಂದ್ರೆ ಒಪ್ಪದೇ ಇರೋನು ಮತ್ತೆ ಎಂತ ಬದಲಾಗಿದ್ದು?

ಯೋಚನೆ ಮಾಡ್ತಾ ಕೂರದೇ ಹೊರಡೋ ಸಂದರ್ಭ

ಕುತ್ತಿಗೆ ಹಿಸುಕಿದ್ದು. ಒಂದೇ ಸಲ ಆದ್ರೂ, ಎರಡೇ ಸೆಕೆಂಡ್ ಆದ್ರೂ, "ತಮಾಷೆಗೆ" ಆದ್ರೂ. ಜ್ಯಾಕ್ವೆಲಿನ್ ಕ್ಯಾಂಪ್‌ಬೆಲ್ ಅಂತ ನರ್ಸಿಂಗ್ ಸಂಶೋಧಕಿ ಸಂಗಾತಿಯಿಂದಲೇ ಕೊಲೆಯಾಗೋ ಅಪಾಯ ಎಷ್ಟಿದೆ ಅಂತ ಅಂದಾಜು ಮಾಡೋ ಪ್ರಶ್ನೆಪಟ್ಟಿ ಮಾಡಿದ್ದಾರೆ, ಅದರಲ್ಲಿ ಇದೂ ಒಂದು ದೊಡ್ಡ ಪ್ರಶ್ನೆ. ಹೊರಗಡೆ ಗುರುತು ಇಲ್ದೇ ಇದ್ರೂ ಒಳಗೆ ಪೆಟ್ಟಾಗಿರಬಹುದು, ಗಂಟಲು ಗಂಟೆಗಳ ನಂತರವೂ ಬಾಯೋ ಸಾಧ್ಯತೆ ಇರ್ತದೆ, ಹಂಗಾಗಿ ಆಸ್ಪತ್ರೆಗೆ ಹೋಗ್ಲೇಬೇಕು. ಹಂಗೇ ಚಾಕು ಕತ್ತಿ ತೋರ್ಸಿದ್ದು, ಕೊಲ್ತೆ ಅಂದಿದ್ದು, ಹೋದಲ್ಲೆಲ್ಲ ಹಿಂದೆ ಬರೂದು, ಬಲವಂತ ಮಾಡಿದ್ದು, ಏಟುಗಳ ನಡುವಿನ ದಿನ ಕಮ್ಮಿಯಾಗ್ತಾ ಬಂದಿದ್ದು. ಇವುಗಳಲ್ಲಿ ಒಂದಿದ್ರೂ "ನಾನು ಬಿಡ್ತಾ ಇದ್ದೇನೆ" ಅಂತ ಅವನ ಎದುರು ಕೂತು ಹೇಳಬೇಡಿ. ಬಿಟ್ಟು ಹೋಗೋ ಹೊತ್ತೇ ಎಲ್ಲಕ್ಕಿಂತ ಅಪಾಯದ ಹೊತ್ತು. 2024ರ ಏಪ್ರಿಲ್, ಮೇ ತಿಂಗಳಲ್ಲಿ ಹುಬ್ಬಳ್ಳಿಯಲ್ಲಿ ಎರಡು ಹುಡುಗಿಯರ ಕೊಲೆ ಆಗಿ ನಮ್ಮ ಕಡೆ ಟಿವಿಯಲ್ಲಿ ವಾರಗಟ್ಟಲೆ ಅದೇ ಓಡ್ತು, ಜನ ಅದರಲ್ಲಿ ಜಾತಿ ಧರ್ಮ ಹುಡುಕಿದ್ರು, ನಂಗೆ ಮಾತ್ರ ಹುಡುಗಿ "ಬೇಡ" ಅಂದದ್ದನ್ನ ಕೇಳಿಸ್ಕೊಳ್ಳೋಕಾಗದ ಗಂಡಸರೇ ತಲೆಯಲ್ಲಿ ಕೂತಿದ್ರು.

ನಮ್ಮ ಕಡೆ ಬೀಗ ಎಲ್ಲಿದೆ ಅಂದ್ರೆ

ಬೆಂಗಳೂರಿನವರು ಬರೆದದ್ದು ಓದಿದ್ರೆ "ಬ್ಲಾಕ್ ಮಾಡಿ, ಮೂವ್ ಆನ್ ಆಗಿ" ಅಂತಿರ್ತದೆ. ನಮ್ಮಲ್ಲಿ ಬ್ಲಾಕ್ ಮಾಡಿದ್ರೆ ಅವನು ಮನೆ ಲ್ಯಾಂಡ್‌ಲೈನಿಗೆ ಫೋನ್ ಮಾಡ್ತಾನೆ. ಶಿರಸಿ ಹೊಸ ಬಸ್ ಸ್ಟ್ಯಾಂಡಲ್ಲಿ ಯಾರ ಜೊತೆ ಚಾ ಕುಡಿದ್ರೂ ಸಂಜೆ ಒಳಗೆ ಆಯಿಗೆ ಸುದ್ದಿ, ಬಸ್ ಕಂಡಕ್ಟರಿಗೂ ನೀವು ಯಾರ ಮನೆ ಕೂಸು ಅಂತ ಗೊತ್ತು. ಹುಡುಗ ಬೇರೆ ಜಾತಿ ಆದ್ರೆ ಮುಗೀತು. ಮನೇಲಿ ಗೊತ್ತಾದ್ರೆ ಓದು ನಿಲ್ತದೆ, ಫೋನ್ ಕಿತ್ಕೊಳ್ತಾರೆ, ಮೂರು ತಿಂಗಳಲ್ಲಿ ಮದುವೆ. ಈ ಹೆದರಿಕೆ ಸುಳ್ಳಲ್ಲ. ಇದು ನಿಮಗಿಂತ ಚೆನ್ನಾಗಿ ಅವನಿಗೆ ಗೊತ್ತು, ಅದಕ್ಕೇ ಅವನು ಹೊಡೆಯೋದಕ್ಕಿಂತ ಜಾಸ್ತಿ ಸಲ "ಮನೆಗೆ ಹೇಳ್ತೆ" ಅಂದಿರ್ತಾನೆ.

ಹಂಗಾಗಿ ನನ್ನ ಪ್ರಕಾರ ಬಿಡೂದಾ ಇರೂದಾ ಅಂತ ತೀರ್ಮಾನ ಮಾಡೋ ಮೊದಲೇ ಮಾಡಬೇಕಾದ ಕೆಲಸ ಅಂದ್ರೆ ಮನೆಯ ಒಬ್ಬರಿಗೆ ನೀವೇ ಹೇಳೂದು. ಅವನು ಹೇಳೋಕಿಂತ ಮುಂಚೆ. ಗುಟ್ಟು ಇರೋ ತನಕ ಹಗ್ಗ ಅವನ ಕೈಯಲ್ಲಿ. ಯಾರಿಗೆ ಹೇಳೂದು ಅನ್ನೂದೇ ಕಷ್ಟದ ಲೆಕ್ಕ. ಅಪ್ಪನಿಗೆ ಮೊದಲು ಬೇಡ, ತೀರಾ ಮೆತ್ತಗಿರೋ ಆಯಿಗೂ ಮೊದಲು ಬೇಡ, ಹೆದರಿ ಅವತ್ತೇ ಅಪ್ಪನ ಹತ್ರ ಅತ್ತು ಬಿಡ್ತಾಳೆ. ಹೊರಗಿಂದ ಮನೆಗೆ ಬಂದೋರು, ಅಂದ್ರೆ ಅತ್ತಿಗೆ, ಚಿಕ್ಕಮ್ಮ, ಇಲ್ಲಾ ಸಿಟಿಯಲ್ಲಿ ಕೆಲಸ ಮಾಡಿ ಬಂದ ಅಕ್ಕ, ಇವರಲ್ಲಿ ಯಾರು ಬೇರೆಯವರ ಮನೆ ವಿಷಯ ಬಂದಾಗ "ಪಾಪ ಆ ಕೂಸು" ಅಂತಾರೋ ಅವರನ್ನ ಆರಿಸಿ. "ಅವಳಿಗೆ ಹಂಗೇ ಆಗ್ಬೇಕು" ಅನ್ನೋರನ್ನ ಬಿಡಿ.

ನಾನು ಅತ್ತಿಗೆ ಹತ್ರ ಹೇಳಿದ್ದು ಅಡುಗೆ ಮನೇಲಿ ಕಾಯಿ ತುರಿಯೋವಾಗ. ಮುಖ ನೋಡದೇ ಹೇಳೋಕಾಗ್ತದೆ ಅಂತ ಅಲ್ಲಿ ಕೂತಿದ್ದೆ. "ಎಂತ ಆತೇ ಕೂಸೇ" ಅಂತ ಒಂದು ಮಾತು ಕೇಳಿದ್ಲು ಅಷ್ಟೇ, ತೋಳು ತೋರ್ಸಿದೆ. ಎರಡು ದಿನ ಬಿಟ್ಟು ಆಯಿಗೆ ಅವಳೇ ಹೇಳಿದ್ಲು. ಅಪ್ಪಯ್ಯ ಮೂರು ವಾರ ನನ್ನ ಹತ್ರ ಮಾತಾಡಲಿಲ್ಲ, ಅದು ಏಟಿಗಿಂತ ಕಷ್ಟವೇ ಆಯ್ತು, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಅವನು ಲ್ಯಾಂಡ್‌ಲೈನಿಗೆ ಫೋನ್ ಮಾಡಿ "ನಿಮ್ಮ ಮಗಳು ಎಂಥವಳು ಗೊತ್ತಾ" ಅಂತ ಶುರು ಮಾಡಿದಾಗ ಆಯಿ "ಎಲ್ಲಾ ಗೊತ್ತಿದ್ದು, ಫೋನ್ ಇಡು" ಅಂದ್ಲು. ಮತ್ತೆ ಅವನ ಹತ್ರ ಬೇರೆ ಎಂತದೂ ಉಳಿದಿರ್ಲಿಲ್ಲ.

ಎಲ್ಲರ ಮನೆಯೂ ನಮ್ಮನೆ ಅಲ್ಲ. ಹೇಳಿದ್ರೆ ಕೂಡಿ ಹಾಕ್ತಾರೆ, ಹೊಡೀತಾರೆ, ಜೀವಕ್ಕೇ ಅಪಾಯ ಅನ್ನೋ ಮನೆ ಆದ್ರೆ ಮನೆಗೆ ಹೇಳಬೇಡಿ. ನಂಬಿಕೆಯ ಮೇಡಂ, ಪಿಜಿ ಆಂಟಿ, ದೂರದೂರಲ್ಲಿ ಕೆಲಸದಲ್ಲಿರೋ ಗೆಳತಿ, ಇವರಾಗಲಿ. ಯಾರೂ ಇಲ್ಲ ಅಂದ್ರೆ 181ಕ್ಕೆ ಫೋನ್ ಮಾಡಿ, ಮಹಿಳಾ ಸಹಾಯವಾಣಿ, ಹಗಲು ರಾತ್ರಿ ಇರ್ತದೆ. ಸಖಿ ಒನ್ ಸ್ಟಾಪ್ ಸೆಂಟರ್ ಅಂತ ಜಿಲ್ಲೆಗೆ ಒಂದು ಇದೆ, ಒಂದೇ ಕಡೆ ಕೌನ್ಸೆಲಿಂಗ್, ವಕೀಲರ ಸಲಹೆ, ಪೊಲೀಸ್ ಸಹಾಯ, ಕೆಲವು ದಿನ ಉಳಿಯೋಕೆ ಜಾಗ, ಯಾವುದಕ್ಕೂ ದುಡ್ಡು ಕೊಡಬೇಕಿಲ್ಲ. ನಮ್ಮ ಜಿಲ್ಲಾ ಕೇಂದ್ರ ಕಾರವಾರ, ಶಿರಸಿ ಸಿದ್ದಾಪುರದವರು ಘಟ್ಟ ಇಳಿದು ಹೋಗಿ ಬರೋಕೆ ಒಂದು ದಿನ ಬೇಕು, ಅದಕ್ಕೇ ಮೊದಲು ಫೋನ್ ಮಾಡಿ ಕೇಳ್ಕೊಂಡೇ ಹೊರಡಿ. ವಕೀಲರಿಗೆ ದುಡ್ಡಿಲ್ಲ ಅಂದ್ರೆ 15100, ಕಾನೂನು ಸೇವಾ ಪ್ರಾಧಿಕಾರದ್ದು, ಹೆಂಗಸರಿಗೆ ಆದಾಯ ಎಷ್ಟೇ ಇದ್ರೂ ಉಚಿತ. ಹದಿನೆಂಟು ತುಂಬಿಲ್ಲ ಅಂದ್ರೆ 1098, ಮಕ್ಕಳ ಸಹಾಯವಾಣಿ.

ಇವತ್ತೇ ಬಿಡೋಕಾಗದೇ ಇದ್ರೆ

ಪರೀಕ್ಷೆ ಇದೆ, ಅದೇ ಆಫೀಸು, ಅವನ ಹತ್ರ ಫೋಟೋ ಇದೆ, ಇನ್ನೂ ಮನಸ್ಸು ಬರ್ತಿಲ್ಲ, ಯಾವ ಕಾರಣ ಆದ್ರೂ ಸರಿ. ಇನ್ನೂ ಅವನ ಜೊತೆ ಇದ್ದೀರಿ ಅಂತ ನೀವು ಪೆದ್ದಿ ಅಲ್ಲ. ನಾನು ಬರೀ ಬಿಡೋಕೇ ಮೂರು ಸಲ ನೋಡಿ ನಾಲ್ಕನೇ ಸಲಕ್ಕೆ ಬಿಟ್ಟಿದ್ದು. ಆ ತನಕ ಅವನ ಜೊತೆ ಒಬ್ಬರೇ ಯಾಣ, ಉಂಚಳ್ಳಿ ಫಾಲ್ಸು ಅಂತ ನೆಟ್‌ವರ್ಕ್ ಇಲ್ದಿದ್ದ ಕಡೆ ಹೋಗಬೇಡಿ, ಜನ ಇರೋ ಕಡೆ ಸಿಗಿ, ಎಲ್ಲಿದ್ದೀರಿ ಅಂತ ಒಬ್ಬಳು ಗೆಳತಿಗೆ ಗೊತ್ತಿರಲಿ. ಅವಳ ಜೊತೆ ಒಂದು ಕೋಡ್ ಮಾಡ್ಕೊಳ್ಳಿ, ನಾವು "ಅಪ್ಪೆಹುಳಿ ಮಾಡೂದು ಹೆಂಗೆ" ಅಂತ ಮೆಸೇಜ್ ಬಂದ್ರೆ ತಕ್ಷಣ ಫೋನ್ ಮಾಡು ಅಂತ ಇಟ್ಕೊಂಡಿದ್ವಿ, ನಗು ಬರ್ತದೆ ಈಗ, ಆದ್ರೆ ಎರಡು ಸಲ ಉಪಯೋಗಕ್ಕೆ ಬಿತ್ತು. ಹೊಸ ಫೋಟೋ, ಹೊಸ ಸಾಲ, ಅವನ ಹೆಸರಲ್ಲಿ ನಿಮ್ಮ ಸಿಮ್ಮು, ಇವು ಯಾವುದೂ ಬೇಡ. ಬಲವಂತದಿಂದ ಗರ್ಭಿಣಿ ಆದ ಹೆದರಿಕೆ ಇದ್ರೆ ತಡ ಮಾಡದೇ ಡಾಕ್ಟರ್ ಹತ್ರ ಹೋಗಿ, ಮದುವೆ ಆಗದವರಿಗೂ ಕಾನೂನಿನ ಪ್ರಕಾರ ಗರ್ಭಪಾತ ಮಾಡಿಸ್ಕೊಳ್ಳೋ ಅವಕಾಶ ಇದೆ, ಹದಿನೆಂಟು ದಾಟಿದ್ರೆ ಮನೆಯವರ ಸಹಿ ಬೇಡ.

"ನೀನು ಬಿಟ್ರೆ ಸಾಯ್ತೆ" ಅಂತಾನಾ? ಅದನ್ನ ನಾಟಕ ಅಂತ ತಳ್ಳಿ ಹಾಕೂದೂ ಬೇಡ, ಅದಕ್ಕೆ ಹೆದರಿ ಉಳಿಯೂದೂ ಬೇಡ. ಅವನ ಅಣ್ಣನಿಗೋ ಫ್ರೆಂಡಿಗೋ ಆ ಮೆಸೇಜ್ ಕಳಿಸಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಕೊಡಿ, ನಿಜವಾಗ್ಲೂ ಏನಾದ್ರೂ ಮಾಡ್ಕೊಳ್ತಾನೆ ಅನ್ನಿಸಿದ್ರೆ ತುರ್ತು ಸಹಾಯದ ನಂಬರ್ 112. ಅವನ ಜೀವ ಕಾಯೋಕೆ ನೀವು ಅವನ ಜೊತೆಗೇ ಇರಬೇಕು ಅಂತಿಲ್ಲ.

ಬಿಡೋವಾಗ

ಫೋನಿಂದ ಶುರು ಮಾಡಿ. ವಾಟ್ಸಾಪಲ್ಲಿ ಲಿಂಕ್ಡ್ ಡಿವೈಸ್ ತೆಗೆದು ನೋಡಿ, ಗೂಗಲ್ ಅಕೌಂಟಿಗೆ ಯಾವ್ಯಾವ ಫೋನಿಂದ ಲಾಗಿನ್ ಆಗಿದೆ ನೋಡಿ, ಮ್ಯಾಪ್‌ನಲ್ಲಿ ಲೊಕೇಶನ್ ಶೇರಿಂಗ್ ನೋಡಿ. ಆದ್ರೆ ಎಲ್ಲ ಇವತ್ತೇ ಆಫ್ ಮಾಡಬೇಡಿ, ದಿಢೀರ್ ಅಂತ ಲೊಕೇಶನ್ ಹೋದ್ರೆ ಅವನಿಗೆ ವಾಸನೆ ಬರ್ತದೆ, ಹೊರಡೋ ದಿನವೇ ಮಾಡಿ. ಅದಕ್ಕೂ ಮುಂಚೆ ಅವನು ಬೆದರಿಸಿದ ಮೆಸೇಜು, ಕಾಲ್ ಲಿಸ್ಟಿನ ಸ್ಕ್ರೀನ್‌ಶಾಟ್ ತಗೊಂಡು, ವಾಯ್ಸ್ ನೋಟು ಫಾರ್ವರ್ಡ್ ಮಾಡಿ ಗೆಳತಿಗೆ ಕಳಿಸಿ, ಹಂಗೆ ಕಳಿಸಿದ್ದನ್ನ ಮಾತ್ರ ನಿಮ್ಮ ಫೋನಲ್ಲಿ ಅಳಿಸಿ. ಸ್ಕ್ರೀನ್‌ಶಾಟಲ್ಲಿ ನಂಬರ್, ತಾರೀಖು ಕಾಣಬೇಕು, ಹೆಸರು "ಚಿನ್ನು" ಅಂತ ಸೇವ್ ಆಗಿದ್ರೆ ಪೊಲೀಸರಿಗೆ ಎಂತಾ ಗೊತ್ತಾಗ್ತದೆ. ಅವನ ಜೊತೆಗಿನ ಚಾಟನ್ನ ಅಳಿಸಬೇಡಿ. ಮಾರ್ಕ್ಸ್ ಕಾರ್ಡು, ಆಧಾರ್, ಪಾಸ್‌ಬುಕ್ಕು ಅವನ ರೂಮಲ್ಲಿ ಇದ್ರೆ ಯಾವುದೋ ಅರ್ಜಿ ಹಾಕೂದಿದೆ ಅಂತ ಹೇಳಿ ಮುಂಚೆಯೇ ತಂದ್ಕೊಳ್ಳಿ. ಕೈಯಲ್ಲಿ ದುಡ್ಡಿಲ್ಲ ಅಂದ್ರೂ ಗುರುತಿನ ಚೀಟಿ ಇದ್ರೆ ಸಾಕು, 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದೊಳಗೆ ಓಡೋ ಸಾದಾ ಸರ್ಕಾರಿ ಬಸ್ಸು ಕರ್ನಾಟಕದ ಹೆಂಗಸರಿಗೆ ಫ್ರೀ, ಕಾರವಾರದಿಂದ ಹುಬ್ಬಳ್ಳಿಯೋ ಶಿರಸಿಯೋ ಎಲ್ಲಿಗಾದ್ರೂ. ಆ ಯೋಜನೆಗೆ ಎಷ್ಟು ಜನ ಬೈದ್ರೂ ನಾನು ಬೈಯೂದಿಲ್ಲ ಯಾಕಂದ್ರೆ ಕಿಸೆಯಲ್ಲಿ ಇಪ್ಪತ್ತು ರೂಪಾಯಿ ಇಟ್ಕೊಂಡು ಬಸ್ ಸ್ಟ್ಯಾಂಡಲ್ಲಿ ಕೂತದ್ದು ನಂಗೆ ನೆನಪಿದೆ. ಮಳೆಗಾಲ ಆದ್ರೆ ದೇವಿಮನೆ ಘಟ್ಟ ಓಪನ್ ಇದೆಯಾ ಕೇಳ್ಕೊಳ್ಳಿ.

ಹೇಳೂದು ಫೋನಲ್ಲೇ, ಮೆಸೇಜಲ್ಲೇ. ಅದು ಮರ್ಯಾದೆ ಅಲ್ಲ ಅಂತ ಅವನು ಹೇಳ್ತಾನೆ, ಹೇಳ್ಲಿ. ಕಾರಣ ಬರೀಬೇಡಿ, ಕಾರಣ ಕೊಟ್ರೆ ವಾದ ಶುರು ಆಗ್ತದೆ. "ನನಗೆ ಈ ಸಂಬಂಧ ಬೇಡ. ಇನ್ನು ಮೇಲೆ ಫೋನ್, ಮೆಸೇಜ್ ಮಾಡಬೇಡ, ನೋಡೋಕೆ ಬರಬೇಡ." ಇಷ್ಟೇ. ಈ ಮೆಸೇಜಿನ ಬೆಲೆ ಆಮೇಲೆ ಗೊತ್ತಾಗ್ತದೆ. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್ ಪ್ರಕಾರ ಹೆಣ್ಣು ಸ್ಪಷ್ಟವಾಗಿ ಬೇಡ ಅಂದ ಮೇಲೂ ಗಂಡಸು ಪದೇ ಪದೇ ಹಿಂದೆ ಬರೂದು, ಕಾಂಟ್ಯಾಕ್ಟ್ ಮಾಡೂದು ಅಪರಾಧ, ಅವಳು ಆನ್‌ಲೈನಲ್ಲಿ ಎಂತ ಮಾಡ್ತಾಳೆ ಅಂತ ಕಣ್ಣಿಡೂದೂ ಅದರಲ್ಲೇ ಬರ್ತದೆ, ಮೊದಲ ಸಲಕ್ಕೆ 3 ವರ್ಷದ ತನಕ, ಮತ್ತೆ ಮಾಡಿದ್ರೆ 5 ವರ್ಷದ ತನಕ ಜೈಲು. ಆ ಸ್ಪಷ್ಟವಾಗಿ ಬೇಡ ಅಂದದ್ದಕ್ಕೆ ಸಾಕ್ಷಿ ನಿಮ್ಮ ಆ ಮೆಸೇಜು. ಕಳಿಸಿದ ಮೇಲೆ ಉತ್ತರ ಕೊಡಬೇಡಿ, ಮೂವತ್ತೊಂಬತ್ತು ಮೆಸೇಜಿಗೆ ಸುಮ್ಮನಿದ್ದು ನಲವತ್ತನೇದಕ್ಕೆ ಉತ್ತರ ಕೊಟ್ರೆ ನಲವತ್ತು ಕಳಿಸಿದ್ರೆ ಸಿಗ್ತಾಳೆ ಅಂತ ಅವನು ಕಲೀತಾನೆ. "ಕಡೇ ಸಲ ಒಂದು ಸಲ ಸಿಗುವಾ, ಫೋಟೋ ಎಲ್ಲ ನಿನ್ನೆದುರೇ ಡಿಲೀಟ್ ಮಾಡ್ತೆ" ಅಂದ್ರೆ ಹೋಗಬೇಡಿ, ಮಾರಾಯ್ತಿ, ಕೈಮುಗಿತೆ, ಹೋಗಬೇಡಿ. ಎದುರಿಗೆ ಡಿಲೀಟ್ ಮಾಡಿದ್ದು ಡ್ರೈವಲ್ಲಿ ಇರ್ತದೆ.

ಫೋಟೋ ವಿಷಯ ಬಂತಲ್ಲ. ನೀವೇ ಇಷ್ಟಪಟ್ಟು ತೆಗೆಯೋಕೆ ಬಿಟ್ಟ ಖಾಸಗಿ ಫೋಟೋ ಆದ್ರೂ ನಿಮ್ಮ ಒಪ್ಪಿಗೆ ಇಲ್ದೇ ಬೇರೆಯವರಿಗೆ ಕಳಿಸಿದ್ರೆ ಅದು ಅದೇ ನ್ಯಾಯ ಸಂಹಿತೆಯ 77ನೇ ಸೆಕ್ಷನ್ ಅಪರಾಧ, ಐಟಿ ಕಾಯ್ದೆಯ 66ಇ ಕೂಡ ಬೀಳ್ತದೆ. ದುಡ್ಡು ಕೇಳಿದ್ರೆ ಒಂದು ರೂಪಾಯಿಯೂ ಕೊಡಬೇಡಿ, ಕೊಟ್ಟವಳ ಹತ್ರ ಮತ್ತೆ ಕೇಳ್ತಾರೆ. ಸೈಬರ್ ಕ್ರೈಮ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ಇಲ್ಲಾ ರಾಷ್ಟ್ರೀಯ ಸೈಬರ್ ಕ್ರೈಮ್ ಪೋರ್ಟಲಲ್ಲಿ ಕಂಪ್ಲೇಂಟ್ ಹಾಕಿ, ಹೆಸರು ಹೇಳದೇ ಹಾಕೋಕೂ ಬರ್ತದೆ. ಕಾರವಾರದಲ್ಲಿ ಸಿಇಎನ್ ಪೊಲೀಸ್ ಠಾಣೆ ಇದೆ, ಸೈಬರ್ ಅಪರಾಧ ನೋಡೋ ಠಾಣೆ. ಸ್ಟಾಪ್ ಎನ್‌ಸಿಐಐ ಅಂತ ಒಂದು ವೆಬ್‌ಸೈಟ್ ಇದೆ, ಹದಿನೆಂಟು ದಾಟಿದವರಿಗೆ, ಅಲ್ಲಿ ಫೋಟೋ ಅಪ್‌ಲೋಡ್ ಆಗೂದಿಲ್ಲ, ನಿಮ್ಮ ಫೋನಲ್ಲೇ ಅದರ ಬೆರಳಚ್ಚಿನಂಥ ಒಂದು ಕೋಡ್ ಆಗಿ ಅದು ಮಾತ್ರ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಥರದ ಕಂಪನಿಗಳಿಗೆ ಹೋಗ್ತದೆ, ಅದೇ ಫೋಟೋ ಅಲ್ಲಿ ಯಾರಾದ್ರೂ ಹಾಕಿದ್ರೆ ಹಿಡೀತಾರೆ.

ಹೊಡೆದಿದ್ರೆ ಸರ್ಕಾರಿ ಆಸ್ಪತ್ರೆಗೇ ಹೋಗಿ, ಶಿರಸಿಯಲ್ಲಿ ಪಂಡಿತ ಆಸ್ಪತ್ರೆ, ಕಾರವಾರದಲ್ಲಿ ಕ್ರಿಮ್ಸ್. ಬಚ್ಚಲಲ್ಲಿ ಜಾರಿ ಬಿದ್ದೆ ಅನ್ನಬೇಡಿ, ಎಂಎಲ್‌ಸಿ ಮಾಡಿ ಅನ್ನಿ, ಅಂದ್ರೆ ಪೊಲೀಸ್ ಕೇಸಿಗೆ ಬರೋ ಹಂಗೆ ಗಾಯ ದಾಖಲು ಮಾಡೂದು, ಅವರು ಪೊಲೀಸರಿಗೆ ತಿಳಿಸ್ತಾರೆ ಅನ್ನೂದು ಗೊತ್ತಿರಲಿ. ಠಾಣೆಗೆ ಒಬ್ಬರೇ ಹೋಗಬೇಡಿ. ನಾನು ಹೋದ ಒಂದು ಠಾಣೆಯಲ್ಲಿ "ಘಟನೆ ಆದದ್ದು ಅಲ್ಲಿ, ಅಲ್ಲೇ ಹೋಗಿ" ಅಂತ ಕಳಿಸಿದ್ರು, ನಾನು ಸುಮ್ನೆ ಬಂದೆ. ಹಂಗೆ ಕಳಿಸೂದು ತಪ್ಪು, ಎಲ್ಲೇ ಆದ ಅಪರಾಧ ಆದ್ರೂ ಯಾವ ಠಾಣೆಯಲ್ಲಾದ್ರೂ ಜೀರೋ ಎಫ್‌ಐಆರ್ ಮಾಡಬಹುದು. ಕೌಟುಂಬಿಕ ಹಿಂಸೆ ಕಾಯ್ದೆ, ಅದು 2005ರದ್ದು, ಬರೀ ಡೇಟಿಂಗಿಗೆ ಸಿಗೂದಿಲ್ಲ. ಮದುವೆ ಥರವೇ ಒಂದೇ ಮನೇಲಿ ಬಾಳಿದ್ರೆ ಮಾತ್ರ, ವೀಕೆಂಡ್ ಜೊತೆಗಿದ್ರೆ ಸಾಲೂದಿಲ್ಲ ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಹುಡುಗರಿಗೂ ಹಿಂಸೆ ಆಗ್ತದೆ, ಹುಡುಗಿಯಿಂದಲೂ, ಹುಡುಗನಿಂದಲೂ. 77, 78 ನಿಮಗೆ ಸಿಗೂದಿಲ್ಲ, ಆದ್ರೆ ಬೆದರಿಕೆಗೆ 351, ಫೋಟೋಗೆ 66ಇ ಎಲ್ಲರಿಗೂ ಇದೆ.

ಬಿಟ್ಟ ಮೇಲಿನ ರಾತ್ರಿ

ಹೆದರಿಕೆಗಿಂತ ನೆನಪು ಜಾಸ್ತಿ ಕಾಡ್ತದೆ, ಇದನ್ನ ಯಾರೂ ಹೇಳಿಕೊಟ್ಟಿರ್ಲಿಲ್ಲ. ಅವನು ಯಾವ ಹೊತ್ತಿಗೆ ಫೋನ್ ಮಾಡ್ತಿದ್ನೋ ಆ ಹೊತ್ತು ಬಂದ್ರೆ ಮೈಯೇ ಕೇಳ್ತದೆ. ಅದು ಪ್ರೀತಿ ಉಳಿದಿದ್ದಕ್ಕೆ ಪುರಾವೆ ಅಂತ ತಿಳಿದು ಅನ್‌ಬ್ಲಾಕ್ ಮಾಡಬೇಡಿ, ಬರೆದಿಟ್ಟ ಪುಸ್ತಕ ತೆಗೆದು ಓದಿ, ಆ ಹೊತ್ತಿಗೆ ಕೈಗೆ ಬೇರೆ ಕೆಲಸ ಕೊಡಿ. ನಂದು ಬಿಟ್ಟಿದ್ದು ಅಡಿಕೆ ಸುಲಿಯೋ ಟೈಮಲ್ಲಿ. ಒಂಬತ್ತು ಗಂಟೆ ಆಗ್ತಿದ್ದಂಗೆ ಎದ್ದು ಟಾರ್ಚ್ ಹುಡುಕ್ತಿದ್ದೆ, ಎಂತಕ್ಕೆ ಅಂತ ನಂಗೇ ಗೊತ್ತಿಲ್ದೇ. ಆಯಿ ಒಂದು ಮೆಟ್ಟುಗತ್ತಿ ನನ್ನ ಕಡೆ ದೂಡಿ ಕೂರು ಅಂದ್ಲು. ಹನ್ನೊಂದರ ತನಕ ಸುಲಿದೆ, ಅತ್ತಿಗೆ ಪಕ್ಕದಲ್ಲಿ ಕೂತು ನಾನು ಸುಲಿದಿದ್ದರಲ್ಲಿ ಸಿಪ್ಪೆ ಉಳಿದದ್ದನ್ನ ಆರಿಸಿ ಆರಿಸಿ ವಾಪಸ್ ಹಾಕ್ತಿದ್ಲು.